ಹತ್ತರ ಎಣಿಕೆಯ ಹಳೆಯ ಟಿವಿ ಸಂಗೀತ: ‘ಮಿಷನ್: ಇಂಪಾಸಿಬಲ್’ ಅನ್ನು ಕಿವಿಯಿಂದಲೇ ಗಿಟಾರ್‌ಗೆ ಇಳಿಸುವ ಬಗೆ

ಹಳೆಯ ಟಿವಿ ಧಾರಾವಾಹಿಯೊಂದರ ಶೀರ್ಷಿಕೆ ಸಂಗೀತವನ್ನು ಕೇಳಿ ಕೇಳಿಯೇ ಗಿಟಾರ್ ಮೇಲೆ ಕೂರಿಸಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಳ್ಳುವುದು. ನಾನೂ ಹಾಗೆ ಮಾಡಿ ಎರಡು ವಾರ ಕಳೆದುಕೊಂಡವನು. ಬೆರಳಿಗೆ ರೂಢಿಯಾದ ಜಾಗಗಳಿಗೆ ಬೆರಳು ತಾನಾಗಿ ಹೋಗುತ್ತದೆ. ಕಿವಿ ಆಗ ಮೂಲ ಸಂಗೀತವನ್ನು ಕೇಳುವುದನ್ನು ಬಿಟ್ಟು, ಬೆರಳು ಹುಟ್ಟಿಸಿದ ಸದ್ದಿಗೆ ತಲೆಯಾಡಿಸತೊಡಗುತ್ತದೆ. ಇಲ್ಲಿ ಹೇಳಹೊರಟಿರುವ ಕ್ರಮ ಇದಕ್ಕೆ ತಿರುಗುಮುರುಗಾದದ್ದು: ಮೊದಲು ತಾಳ, ಆಮೇಲೆ ಆಧಾರ ಸ್ವರ, ಅದಾದ ಮೇಲೆ ಸ್ವರಗಳ ನಡುವಿನ ಅಂತರ, ಎಲ್ಲಕ್ಕಿಂತ ಕೊನೆಗೆ ಗಿಟಾರ್.

ಉದಾಹರಣೆಗೆ ಆರಿಸಿಕೊಂಡಿರುವುದು, 1966ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಆರಂಭವಾದ ‘ಮಿಷನ್: ಇಂಪಾಸಿಬಲ್’ ಧಾರಾವಾಹಿಗೆ ಲಾಲೋ ಶಿಫ್ರಿನ್ ರಚಿಸಿದ ಶೀರ್ಷಿಕೆ ಸಂಗೀತ. ಕಡ್ಡಿ ಗೀರಿ ಬತ್ತಿಗೆ ಬೆಂಕಿ ಹಚ್ಚುವ ಕೈ, ಉರಿಯುತ್ತಾ ಓಡುವ ಬತ್ತಿ, ಅದರ ಹಿಂದೆ ಆ ದಿನದ ಕಂತಿನ ದೃಶ್ಯಗಳ ತುಣುಕುಗಳು, ಇವೆಲ್ಲ ಕಣ್ಣ ಮುಂದೆ ಹಾದು ಹೋಗುವಷ್ಟರಲ್ಲಿ ಈ ಸಂಗೀತ ತನ್ನ ಮಾತನ್ನು ಹೇಳಿ ಮುಗಿಸುತ್ತದೆ. ಶಿಫ್ರಿನ್ ಹುಟ್ಟಿದ್ದು 1932ರಲ್ಲಿ, ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ. ಪ್ಯಾರಿಸ್‌ನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು, ಡಿಜ್ಜಿ ಗಿಲೆಸ್ಪಿಯವರ ಜಾಜ್ ತಂಡದಲ್ಲಿ ಪಿಯಾನೋ ನುಡಿಸಿ, ಆಮೇಲೆ ಚಿತ್ರರಂಗಕ್ಕೆ ಬಂದವರು. ಬಾಂಗೋ, ಕೊಳಲು, ಹಿತ್ತಾಳೆಯ ತುತ್ತೂರಿಗಳು, ಅವುಗಳ ಕೆಳಗೆ ಬಿಡದೆ ತಿರುಗುವ ಒಂದು ಬಾಸ್ ಸಾಲು, ಇಷ್ಟೇ ಇದರ ಮೈಕಟ್ಟು. ಕಿವಿಯಿಂದ ಕಲಿಯುವವರಿಗೆ ಇದು ಹೇಳಿ ಮಾಡಿಸಿದಂತಿದೆ. ಸ್ವರಗಳು ಕಡಿಮೆ, ಅವು ಮತ್ತೆ ಮತ್ತೆ ಬರುತ್ತವೆ, ಆದರೆ ಎಣಿಕೆ ಮಾತ್ರ ಮೋಸ ಮಾಡುತ್ತದೆ.

ಯಾವ ಧ್ವನಿಮುದ್ರಣ ಎಂಬುದು ಮೊದಲು ತೀರ್ಮಾನವಾಗಲಿ

ಈ ಹೆಸರಿನಲ್ಲಿ ಹುಡುಕಿದರೆ ಮೊದಲು ಸಿಗುವುದು ಮೂಲವೇ ಆಗಿರಬೇಕೆಂದಿಲ್ಲ. 1996ರ ಚಲನಚಿತ್ರಕ್ಕಾಗಿ ಯೂ2 ತಂಡದ ಆಡಮ್ ಕ್ಲೇಟನ್ ಮತ್ತು ಲ್ಯಾರಿ ಮುಲ್ಲೆನ್ ಇದನ್ನು ಕುಣಿತದ ಲಯಕ್ಕೆ ಒಗ್ಗಿಸಿದರು. ಆ ಆವೃತ್ತಿಯ ಬಹುಭಾಗ ನಾಲ್ಕರ ನಡೆಯಲ್ಲಿದೆ. ಮೂಲ ಐದರ ನಡೆಯದು. ಒಂದನ್ನು ಕೇಳಿಕೊಂಡು ಇನ್ನೊಂದನ್ನು ನುಡಿಸಲು ಹೋದರೆ ಸ್ವರಗಳೆಲ್ಲ ಸರಿಯಿದ್ದೂ ಪ್ರತಿ ಸುತ್ತಿನ ಕೊನೆಯಲ್ಲಿ ಕಾಲು ಜಾರುತ್ತದೆ. ಆದ್ದರಿಂದ 1960ರ ದಶಕದ ಮೂಲ ಧ್ವನಿಮುದ್ರಣವನ್ನೇ ಹುಡುಕಿಕೊಂಡು, ಅದೊಂದನ್ನೇ ಕೊನೆಯವರೆಗೂ ಇಟ್ಟುಕೊಳ್ಳಬೇಕು.

ಮೂಲ ಸಿಕ್ಕ ಮೇಲೂ ಒಂದು ತೊಡಕುಂಟು, ಅದು ಹಳೆಯ ಟಿವಿ ಸಂಗೀತಕ್ಕೆ ವಿಶೇಷವಾದದ್ದು. ಅಮೆರಿಕದ ಇಂಥ ಧಾರಾವಾಹಿಗಳನ್ನು ಸೆಕೆಂಡಿಗೆ 24 ಚೌಕಟ್ಟುಗಳ ಫಿಲ್ಮಿನಲ್ಲಿ ಚಿತ್ರೀಕರಿಸುತ್ತಿದ್ದರು. ಭಾರತ ಮತ್ತು ಯುರೋಪಿನಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಪ್ರಸಾರಕ್ಕೆ, ವಿಡಿಯೊ ಡಿಸ್ಕಿಗೆ ಅದನ್ನು ಇಳಿಸುವಾಗ ಸೆಕೆಂಡಿಗೆ 25ರ ವೇಗದಲ್ಲಿ ಓಡಿಸುವುದು ವಾಡಿಕೆಯಾಗಿತ್ತು. ಹಾಗೆ ಓಡಿಸಿದಾಗ ಚಿತ್ರದ ಜೊತೆಗೆ ಸಂಗೀತವೂ ಸುಮಾರು ಶೇಕಡ 4ರಷ್ಟು ಚುರುಕಾಗುತ್ತದೆ, ಶ್ರುತಿ ಸುಮಾರು ಮುಕ್ಕಾಲು ಫ್ರೆಟ್‌ನಷ್ಟು (ಫ್ರೆಟ್ ಎಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ, ಒಂದು ಫ್ರೆಟ್ ಒಂದು ಅರ್ಧಸ್ವರ) ಮೇಲೇರುತ್ತದೆ. ಗಿಟಾರ್ ಎಷ್ಟೇ ಸರಿಯಾಗಿ ಶ್ರುತಿ ಮಾಡಿದ್ದರೂ ಧ್ವನಿಮುದ್ರಣದ ಸ್ವರ ಎರಡು ಫ್ರೆಟ್‌ಗಳ ನಡುವೆ ಎಲ್ಲೋ ತೂಗಾಡುತ್ತಿದ್ದರೆ ಕಿವಿಯನ್ನು ಶಂಕಿಸುವ ಮೊದಲು ಧ್ವನಿಮುದ್ರಣವನ್ನು ಶಂಕಿಸಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ವೇಗವನ್ನು ಶೇಕಡ 4ರಷ್ಟು ತಗ್ಗಿಸಿದರೆ ಶ್ರುತಿಯೂ ಅದರೊಂದಿಗೆ ಇಳಿದು ತನ್ನ ಜಾಗಕ್ಕೆ ಬಂದು ಕೂರುತ್ತದೆ. ಬೇರೆ ಕಾರಣಕ್ಕೆ ಶ್ರುತಿ ಹೆಚ್ಚುಕಡಿಮೆಯಾಗಿದ್ದರೆ ಗಿಟಾರಿನ ಆರೂ ತಂತಿಗಳನ್ನು ಅದಕ್ಕೆ ತಕ್ಕಂತೆ ಬಿಗಿ ಮಾಡಿಕೊಳ್ಳುವುದು ಇನ್ನೊಂದು ದಾರಿ. ಅಷ್ಟು ಹೊತ್ತಿಗೆ ಟ್ಯೂನರನ್ನು ಮೂಲೆಯಲ್ಲಿಡಬೇಕಾಗುತ್ತದೆ.

ಕೇಳುವುದಕ್ಕೆ ಫೋನಿನ ಸ್ಪೀಕರ್ ಸಾಲದು. ಬಾಸ್ ಸಾಲಿನ ಸ್ವರಗಳು 100 ಹರ್ಟ್ಸ್‌ಗಿಂತ ಕೆಳಗಿವೆ; ಅಷ್ಟು ತಗ್ಗಿನ ನಾದವನ್ನು ಆ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ, ನಮಗೆ ಕೇಳುವುದು ಅದರ ಮೇಲಿನ ನಾದಾಂಶಗಳ ನೆರಳು ಮಾತ್ರ. ಕಿವಿಗೆ ಹಾಕಿಕೊಳ್ಳುವ ಸಾಧಾರಣ ಹೆಡ್‌ಫೋನ್ ಇದ್ದರೂ ಸಾಕು.

ಗಿಟಾರ್ ಇಲ್ಲದೆ ಹತ್ತು ಎಣಿಸುವುದು

ನಾನು ಎಡವಿದ್ದು ಇಲ್ಲಿ. ಬಾಸ್ ಸಾಲನ್ನು ಎಂಟಕ್ಕೆ ಎಣಿಸಿಕೊಂಡು, ಪ್ರತಿ ಸುತ್ತಿಗೂ ಏಕೆ ಹಿಂದೆ ಬೀಳುತ್ತಿದ್ದೇನೆಂದು ತಿಳಿಯದೆ ಕೂತಿದ್ದೆ. ಪಕ್ಕದ ಕೋಣೆಯಲ್ಲಿದ್ದ ಚಿಕ್ಕಪ್ಪ, ಮೃದಂಗ ಕಲಿತವರು, ಬಾಗಿಲ ಬಳಿ ಬಂದು ನಿಂತರು.

“ಎಂಟಕ್ಕೆ ಯಾಕೋ ತಿರುಗಿಸ್ತೀಯ? ಅದು ಇನ್ನೂ ಎರಡು ಕೇಳ್ತಾ ಇದೆ.”

“ಇಲ್ಲ ಚಿಕ್ಕಪ್ಪ, ಇದು ಇಂಗ್ಲಿಷ್ ಮ್ಯೂಸಿಕ್ಕು, ನಾಲ್ಕು ನಾಲ್ಕರಲ್ಲೇ ಇರತ್ತೆ.”

“ಹಾಗಂತ ಅದಕ್ಕೆ ಯಾರೋ ಹೇಳಿದ್ದು?” ಎಂದವರೇ ತೊಡೆ ತಟ್ಟಿಕೊಂಡು ಸೊಲ್ಲು ಹೇಳಿದರು: ತಕಿಟ ತಕಿಟ ತಕ ತಕ. ಅಷ್ಟೇ. ಅರ್ಧ ನಿಮಿಷದಲ್ಲಿ ನನ್ನ ಎರಡು ವಾರದ ಗೋಳು ಮುಗಿಯಿತು.

ಮೂರು, ಮೂರು, ಎರಡು, ಎರಡು, ಒಟ್ಟು ಹತ್ತು. ಶಾಲೆಯಲ್ಲಿ ಗಣ ವಿಂಗಡಿಸಿದ ನೆನಪಿರುವವರು ಇದನ್ನು ಮೂರು ಮಾತ್ರೆಯ ಎರಡು ಗಣ, ಅವುಗಳ ಹಿಂದೆ ಎರಡು ಗುರು ಎಂದು ಓದಿಕೊಳ್ಳಬಹುದು. ಬಾಸ್ ಸಾಲಿನ ಪ್ರತಿ ಸ್ವರವೂ ಒಂದೊಂದು ಗುಂಪಿನ ಮೊದಲ ಅಕ್ಷರದ ಮೇಲೆ, ಎಂದರೆ ಒಂದೊಂದು ‘ತ’ದ ಮೇಲೆ, ಹುಟ್ಟುತ್ತದೆ. ಪಾಶ್ಚಾತ್ಯ ಬರಹದಲ್ಲಿ ಇದು ಐದು ಪೆಟ್ಟಿನ ಒಂದು ಪಟ್ಟಿ. ಪ್ರತಿ ಪೆಟ್ಟಿಗೆ ಎರಡು ಎಣಿಕೆ. ಚಲನಚಿತ್ರದ ನಾಲ್ಕರ ಆವೃತ್ತಿ ಇದನ್ನೇ ‘ತಕಿಟ ತಕಿಟ ತಕ’ ಎಂದು ಎಂಟಕ್ಕೆ ಕುಗ್ಗಿಸಿದೆ, ಕೊನೆಯ ಎರಡು ಸ್ವರಗಳಿಗೆ ಒಂದೊಂದೇ ಎಣಿಕೆಯ ಜಾಗ ಉಳಿಸಿದೆ ಎಂದುಕೊಂಡರೆ ಎರಡೂ ಆವೃತ್ತಿಗಳ ನಂಟು ತಿಳಿಯುತ್ತದೆ. ಇನ್ನೊಂದು ಸ್ವಾರಸ್ಯ: ತಂತಿ ಸಂದೇಶದ ಮೋರ್ಸ್ ಲಿಪಿಯಲ್ಲಿ ‘ಎಂ’ ಅಕ್ಷರಕ್ಕೆ ಎರಡು ಗೆರೆ, ‘ಐ’ ಅಕ್ಷರಕ್ಕೆ ಎರಡು ಚುಕ್ಕೆ. ಧಾರಾವಾಹಿಯ ಹೆಸರಿನ ಎರಡು ಮೊದಲಕ್ಷರಗಳು ಎರಡು ಉದ್ದ, ಎರಡು ಗಿಡ್ಡ ಎಂದು ಈ ಸಾಲಿನೊಳಗೆ ಸರಿಯಾಗಿ ಕೂರುತ್ತವೆ. ಮೋರ್ಸ್‌ನಲ್ಲಿ ಗೆರೆಯ ಉದ್ದ ಚುಕ್ಕೆಯ ಮೂರರಷ್ಟು, ಇಲ್ಲಿ ಒಂದೂವರೆಯಷ್ಟೇ ಎಂದು ತಕರಾರು ತೆಗೆಯುವವರು ತೆಗೆಯಬಹುದು. ನೆನಪಿಟ್ಟುಕೊಳ್ಳಲು ಅದು ಅಡ್ಡಿಯಲ್ಲ.

ಅಭ್ಯಾಸ ಹೀಗಿರಲಿ. ಮೊದಲು ಧ್ವನಿಮುದ್ರಣವಿಲ್ಲದೆ ಸೊಲ್ಲನ್ನು ಹೇಳುತ್ತಾ ಪ್ರತಿ ‘ತ’ಕ್ಕೂ ಚಪ್ಪಾಳೆ ತಟ್ಟಿ. ಬಾಯಿ ತಡವರಿಸದಂತಾದ ಮೇಲೆ ಪಾದದಲ್ಲಿ ಸಮವಾದ ಐದು ಪೆಟ್ಟು ಹಾಕಿ, ಪ್ರತಿ ಪೆಟ್ಟಿಗೆ ಎರಡು ಎಣಿಕೆಯಂತೆ. ಚಪ್ಪಾಳೆ ಮತ್ತು ಪಾದ ಮೊದಲನೆಯ, ನಾಲ್ಕನೆಯ, ಐದನೆಯ ಪೆಟ್ಟಿನಲ್ಲಿ ಕೂಡುತ್ತವೆ. ಎರಡನೆಯ ‘ತಕಿಟ’ದ ‘ತ’ ಮಾತ್ರ ಎರಡನೆಯ ಮತ್ತು ಮೂರನೆಯ ಪೆಟ್ಟಿನ ನಟ್ಟನಡುವೆ ಬೀಳುತ್ತದೆ. ಈ ಸಂಗೀತದ ಒತ್ತಡವೆಲ್ಲ ಹುಟ್ಟುವುದು ಆ ಒಂದು ಚಪ್ಪಾಳೆಯಿಂದ. ಅದನ್ನು ಪಾದದ ಪೆಟ್ಟಿನ ಕಡೆಗೆ ಎಳೆದುಬಿಡುವ ಚಾಳಿ ಎಲ್ಲರಿಗೂ ಇರುತ್ತದೆ. ಎಳೆದ ಕೂಡಲೇ ಸಾಲು ಸಪ್ಪೆಯಾಗುತ್ತದೆ. ಇಷ್ಟು ಸಾಧಿಸಿದ ಮೇಲೆ ಧ್ವನಿಮುದ್ರಣ ಹಾಕಿ, ಅದರೊಂದಿಗೆ ಸೊಲ್ಲು ಹೇಳಿ. ಮೂಲದ ವೇಗ ಹೆಚ್ಚೆನಿಸಿದರೆ ಯೂಟ್ಯೂಬ್‌ನಲ್ಲಾಗಲಿ ಫೋನಿನ ಪ್ಲೇಯರ್‌ನಲ್ಲಾಗಲಿ ಶ್ರುತಿ ಕದಲದಂತೆ ವೇಗವನ್ನು ಮುಕ್ಕಾಲಿಗೆ ಇಳಿಸಿಕೊಳ್ಳಬಹುದು. ಅರ್ಧಕ್ಕೆ ಇಳಿಸುವುದು ಬೇಡ. ಅಷ್ಟು ಎಳೆದಾಗ ಬಾಂಗೋದ ಪೆಟ್ಟುಗಳು ಕದಡಿ, ಎಣಿಕೆಯ ಅಂಚುಗಳೇ ಮಸುಕಾಗುತ್ತವೆ.

ಆಧಾರ ಸ್ವರ

ಸಂಗೀತ ಓಡುತ್ತಿರುವಾಗ ನಡುವೆ ಎಲ್ಲಾದರೂ ಅದನ್ನು ಥಟ್ಟನೆ ನಿಲ್ಲಿಸಿ, ಬಾಯಲ್ಲಿ ಉಳಿದ ಸ್ವರವನ್ನು ಗುನುಗಿ. ಎರಡು ಮೂರು ಸಲ ಬೇರೆ ಬೇರೆ ಕಡೆ ನಿಲ್ಲಿಸಿ ನೋಡಿದರೆ, ಗುನುಗು ಒಂದೇ ಸ್ವರಕ್ಕೆ ಮರಳಿ ಬಂದು ನೆಮ್ಮದಿಯಾಗುವುದು ಗೊತ್ತಾಗುತ್ತದೆ. ಅದೇ ನಮ್ಮ ಷಡ್ಜ. ಈಗ, ಈಗಷ್ಟೇ, ಗಿಟಾರ್ ತೆಗೆದುಕೊಂಡು, ಅತಿ ದಪ್ಪನಾದ ಆರನೆಯ ತಂತಿಯನ್ನು ಬಿಟ್ಟ ತಂತಿಯಿಂದ ಶುರು ಮಾಡಿ ಒಂದೊಂದೇ ಫ್ರೆಟ್ ಮೇಲೇರುತ್ತಾ ಮೀಟಿ, ಗುನುಗಿನೊಂದಿಗೆ ಹೋಲಿಸಿ. ಮೂರನೆಯ ಫ್ರೆಟ್‌ನಲ್ಲಿ ಎರಡೂ ಒಂದಾಗುತ್ತವೆ. ಅದು ಜಿ.

ಇಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಗುನುಗು ಒಂದು ಸ್ಥಾಯಿ ಮೇಲಿರುವುದು ತಪ್ಪಲ್ಲ. ಅದು ನಮ್ಮ ಕಂಠದ ಅನುಕೂಲ. ಆದರೆ ಷಡ್ಜವೆಂದು ಪಂಚಮವನ್ನು ಹಿಡಿದುಬಿಡುವುದು ನಿಜವಾದ ತಪ್ಪು, ಮತ್ತು ಬಹಳ ಸಹಜವಾದ ತಪ್ಪು. ಯಾವುದೇ ತಂತಿಯ ನಾದದೊಳಗೆ ಅದರ ಪಂಚಮವೂ ಸಣ್ಣಗೆ ಮೊಳಗುತ್ತಿರುತ್ತದೆ, ತಂಬೂರಿಯ ಮುಂದೆ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂದೇಹವಿದ್ದರೆ ಸಿಕ್ಕ ಸ್ವರವನ್ನು ಮೀಟಿ ಮೊಳಗಲು ಬಿಟ್ಟು, ಅದರ ಮೇಲೆ ಬಾಸ್ ಸಾಲನ್ನು ಬಾಯಲ್ಲಿ ಹಾಡಿ. ಸಾಲಿನ ಮೊದಲ ಎರಡು ಸ್ವರಗಳು ತಂತಿಯೊಳಗೆ ಕರಗಿ ಹೋದರೆ ನೀವು ಹಿಡಿದದ್ದು ಷಡ್ಜವೇ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನನಗೆ ಒಂದು ಗಿಟಾರ್ ತರಗತಿಯಲ್ಲಿ ಇದೇ ಸಂಗೀತದ ಟ್ಯಾಬ್ ಹಾಳೆಯೊಂದನ್ನು, ಎಂದರೆ ಯಾವ ತಂತಿಯ ಎಷ್ಟನೆಯ ಫ್ರೆಟ್ ಒತ್ತಬೇಕೆಂದು ಬರೆದ ಹಾಳೆಯನ್ನು, ಕೊಟ್ಟಿದ್ದರು. ಮನೆಗೆ ಬಂದು ಧ್ವನಿಮುದ್ರಣದ ಜೊತೆ ನುಡಿಸಿದರೆ ಒಂದು ಸ್ವರವೂ ಹೊಂದಲಿಲ್ಲ. ನನ್ನ ಕಿವಿಯೇ ಕೆಟ್ಟಿದೆಯೆಂದು ನಂಬಿಕೊಂಡೆ. ಹಾಳೆ ಇ ಷಡ್ಜದಲ್ಲಿತ್ತು. ಗಿಟಾರಿನಲ್ಲಿ ಬಿಟ್ಟ ತಂತಿಗಳು ಅದಕ್ಕೆ ಅನುಕೂಲವೆಂದು ಹೀಗೆ ಬದಲಿಸುವವರು ಬಹಳ ಮಂದಿ, ಅದನ್ನು ಹಾಳೆಯ ಮೇಲೆ ಬರೆಯುವವರು ಕಡಿಮೆ. ಆದರೆ ಆ ಅನುಕೂಲವೂ ಪೂರ್ತಿಯಲ್ಲ: ಈ ಸಾಲು ಷಡ್ಜಕ್ಕಿಂತ ಎರಡು ಫ್ರೆಟ್ ಕೆಳಗಿಳಿಯುತ್ತದೆ, ಗಿಟಾರಿನ ಅತಿ ತಗ್ಗಿನ ಸ್ವರವೇ ಇ ಆಗಿರುವಾಗ ಅದರ ಕೆಳಗೆ ಹೋಗಲು ಜಾಗವೆಲ್ಲಿದೆ? ಹಾಗಾಗಿ ಇಡೀ ಸಾಲನ್ನು ಒಂದು ಸ್ಥಾಯಿ ಮೇಲಕ್ಕೆತ್ತಿ ನಾಲ್ಕನೆಯ ತಂತಿಯಲ್ಲಿ ನುಡಿಸಬೇಕಾಗುತ್ತದೆ, ಬಾಸಿನ ತೂಕ ಹೋಗಿಬಿಡುತ್ತದೆ. ಜಿ ಷಡ್ಜದಲ್ಲಾದರೆ ಅತಿ ಕೆಳಗಿನ ಸ್ವರ ಆರನೆಯ ತಂತಿಯ ಮೊದಲ ಫ್ರೆಟ್‌ನಲ್ಲೇ ಸಿಗುತ್ತದೆ. ಮೂಲದ ಶ್ರುತಿಯೇ ಗಿಟಾರ್‌ಗೆ ಹೆಚ್ಚು ಒಗ್ಗುತ್ತದೆ.

ಬಾಸ್ ಸಾಲನ್ನು ಒಂದೇ ತಂತಿಯ ಮೇಲೆ ಅಳೆಯುವುದು

ಸ್ವರಗಳನ್ನು ಹುಡುಕುವಾಗ ಒಂದೇ ತಂತಿಯ ಮೇಲೆ ಇರಿ. ನುಡಿಸಲು ಅದು ಅನುಕೂಲವಲ್ಲ, ಆದರೆ ಅಳೆಯಲು ಅದಕ್ಕಿಂತ ಒಳ್ಳೆಯ ಅಡಿಕೋಲು ಇಲ್ಲ; ಸ್ವರ ಎಷ್ಟು ಮೇಲೆ ಹೋಯಿತೋ ಅಷ್ಟೇ ಫ್ರೆಟ್ ಕೈಯೂ ಹೋಗುತ್ತದೆ, ಕಿವಿ ಕೇಳಿದ್ದನ್ನು ಕಣ್ಣು ನೋಡುತ್ತದೆ.

ಮೊದಲ ಎರಡು ಸ್ವರಗಳು ಷಡ್ಜವೇ. ಮೂರನೆಯದು ಮೇಲಕ್ಕೆ ನೆಗೆಯುತ್ತದೆ. ಎಷ್ಟು ಮೇಲಕ್ಕೆ? ಇಲ್ಲಿ ಊಹಿಸುವುದಕ್ಕಿಂತ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟು ಕಿವಿಗೆ ತೀರ್ಪು ಬಿಡುವುದು ಒಳ್ಳೆಯದು. ಮೂರನೆಯ ಫ್ರೆಟ್‌ನಿಂದ ಏಳನೆಯದಕ್ಕೆ, ಎಂದರೆ ನಾಲ್ಕು ಫ್ರೆಟ್ ಮೇಲಕ್ಕೆ ಹೋಗಿ ನೋಡಿ. ಅದು ಅಂತರ ಗಾಂಧಾರ, ಶಂಕರಾಭರಣದ ಗಾಂಧಾರ. ಸಂಗೀತ ಥಟ್ಟನೆ ಹಬ್ಬದ ಮನೆಯಂತಾಗುತ್ತದೆ, ಗೂಢಚಾರರ ಕಥೆಗೆ ಅದು ಒಗ್ಗುವುದಿಲ್ಲ. ಆರನೆಯ ಫ್ರೆಟ್‌ಗೆ, ಮೂರೇ ಫ್ರೆಟ್ ಮೇಲಕ್ಕೆ ಹೋಗಿ. ಖರಹರಪ್ರಿಯದಲ್ಲಿ ಕೇಳುವ ಸಾಧಾರಣ ಗಾಂಧಾರ. ಇದೇ ಸರಿ. ಗಿಟಾರಿನ ಭಾಷೆಯಲ್ಲಿ ಇದು ಬಿ ಫ್ಲ್ಯಾಟ್. ನಾಲ್ಕನೆಯ ಸ್ವರ ಅದರ ಮೇಲೆ ಇನ್ನೂ ಎರಡು ಫ್ರೆಟ್, ಎಂಟನೆಯ ಫ್ರೆಟ್‌ನಲ್ಲಿ: ಶುದ್ಧ ಮಧ್ಯಮ, ಸಿ.

ಎರಡನೆಯ ಸುತ್ತಿನಲ್ಲಿ ಮತ್ತೆ ಎರಡು ಷಡ್ಜ. ಆಮೇಲೆ ಸಾಲು ಕೆಳಕ್ಕೆ ಬೀಳುತ್ತದೆ: ಮೊದಲ ಫ್ರೆಟ್, ಅದರ ಪಕ್ಕದ ಎರಡನೆಯ ಫ್ರೆಟ್, ಅಲ್ಲಿಂದ ಷಡ್ಜಕ್ಕೆ ಮರಳಿಕೆ. ಎಫ್, ಎಫ್ ಶಾರ್ಪ್, ಮತ್ತೆ ಜಿ. ಕೈಶಿಕಿ ನಿಷಾದ, ಅದರ ಬೆನ್ನಿಗೇ ಕಾಕಲಿ ನಿಷಾದ! ಕರ್ನಾಟಕ ಸಂಗೀತ ಕಲಿತ ಕಿವಿಗೆ ಇದು ಸ್ವಲ್ಪ ಇರುಸುಮುರುಸಾಗುವ ಜಾಗ. ಎರಡು ನಿಷಾದಗಳು ಹೀಗೆ ಒಂದರ ಹಿಂದೊಂದು ಬರಲಾರವೆಂದು ಮನಸ್ಸು ಮೊದಲೇ ತೀರ್ಮಾನಿಸಿಕೊಂಡು ಒಂದನ್ನು ನುಂಗಿಹಾಕಲು ನೋಡುತ್ತದೆ. ಕೊನೆಯ ಎರಡು ‘ತಕ’ಗಳ ಜಾಗವನ್ನು ಮಾತ್ರ ಮತ್ತೆ ಮತ್ತೆ ಕೇಳಿದರೆ, ಮೆಟ್ಟಿಲು ಹತ್ತುವ ಹಾಗೆ ಎರಡು ಬೇರೆ ಬೇರೆ ಹೆಜ್ಜೆಗಳಿರುವುದು ಸ್ಪಷ್ಟವಾಗುತ್ತದೆ. ತಗ್ಗಿನ ನಾದದಲ್ಲಿ ಅವು ಬೇರ್ಪಡದಿದ್ದರೆ ಆಡಾಸಿಟಿಯಲ್ಲಿ ಶ್ರುತಿಯನ್ನು ಒಂದು ಸ್ಥಾಯಿ, ಎಂದರೆ 12 ಅರ್ಧಸ್ವರ, ಮೇಲಕ್ಕೆತ್ತಿ ಕೇಳಿ. ಬಾಸ್ ಆಗ ಕಿವಿಗೆ ಎಟುಕುವ ಎತ್ತರಕ್ಕೆ ಬರುತ್ತದೆ. ಉಳಿದ ವಾದ್ಯಗಳು ಇಲಿ ಕೂಗಿದಂತೆ ಕೇಳುತ್ತವೆ, ಅದನ್ನು ಸಹಿಸಿಕೊಳ್ಳಬೇಕು.

ಸಿಕ್ಕಿದ್ದನ್ನು ಸೊಲ್ಲಿನ ಕೆಳಗೆ ಬರೆದುಕೊಳ್ಳುವುದು ಟ್ಯಾಬ್‌ಗಿಂತ ವಾಸಿ, ಏಕೆಂದರೆ ಟ್ಯಾಬ್ ಬೆರಳಿನ ಜಾಗ ಹೇಳುತ್ತದೆಯೇ ಹೊರತು ಸ್ವರದ ಅಳತೆ ಹೇಳುವುದು ಅಪರೂಪ. ಅಲ್ಪವಿರಾಮ ಒಂದು ಎಣಿಕೆಯ ನಿಲುಗಡೆ ಎಂದಿಟ್ಟುಕೊಳ್ಳಿ. ಎರಡನೆಯ ಸಾಲಿನ ನಿ2 ಕೈಶಿಕಿ, ನಿ3 ಕಾಕಲಿ, ಎರಡೂ ಮಂದ್ರದವು.

ತಕಿಟ ತಕಿಟ ತಕ ತಕ
ಸ , ,   ಸ , ,   ಗ ,   ಮ ,
ಸ , ,   ಸ , ,   ನಿ2 ,   ನಿ3 ,

ಇನ್ನು ಬೆರಳುಗಳ ವಿಷಯ. ಅಳತೆ ಮುಗಿದ ಮೇಲೆ ಒಂದೇ ತಂತಿಯಲ್ಲಿ ಉಳಿಯುವ ಅಗತ್ಯವಿಲ್ಲ. ಬಿ ಫ್ಲ್ಯಾಟ್ ಐದನೆಯ ತಂತಿಯ ಮೊದಲ ಫ್ರೆಟ್‌ನಲ್ಲೂ ಸಿ ಅದೇ ತಂತಿಯ ಮೂರನೆಯ ಫ್ರೆಟ್‌ನಲ್ಲೂ ಸಿಗುತ್ತವೆ. ಇಡೀ ಸಾಲು ಮೊದಲ ಮೂರು ಫ್ರೆಟ್‌ಗಳೊಳಗೆ ಮುಗಿಯುತ್ತದೆ. ಷಡ್ಜಕ್ಕೆ ಉಂಗುರ ಬೆರಳು, ಮೊದಲ ಫ್ರೆಟ್‌ಗೆ ತೋರುಬೆರಳು, ಎಫ್ ಶಾರ್ಪ್‌ಗೆ ನಡುಬೆರಳು. ಐದನೆಯ ತಂತಿಯ ಮೂರನೆಯ ಫ್ರೆಟ್‌ಗೆ ಮಾತ್ರ ಉಂಗುರ ಬೆರಳನ್ನು ಕರೆಯಬೇಡಿ, ಕಿರುಬೆರಳನ್ನು ಬಳಸಿ. ಉಂಗುರ ಬೆರಳು ಅಲ್ಲಿಗೆ ಹೋದರೆ ಮರುಕ್ಷಣವೇ ಆರನೆಯ ತಂತಿಗೆ ನೆಗೆದು ಬರಬೇಕಾಗುತ್ತದೆ, ಆ ನೆಗೆತದಲ್ಲಿ ಮುಂದಿನ ಸುತ್ತಿನ ಮೊದಲ ‘ತ’ ತಡವಾಗುತ್ತದೆ. ಬಲಗೈಯ ಅಂಚನ್ನು ಬ್ರಿಡ್ಜ್ ಬಳಿ ತಂತಿಗೆ ತಾಗಿಸಿಕೊಂಡು ಮೀಟಿದರೆ ನಾದ ಮೊಟಕಾಗಿ, ಮೂಲದ ಗಡುಸು ಬರುತ್ತದೆ. ಷಡ್ಜದ ಮೂರೂ ಎಣಿಕೆಗಳನ್ನು ತಂತಿ ತುಂಬಬೇಕಾಗಿಲ್ಲ, ಬಾಯಿ ತುಂಬಿದರೆ ಸಾಕು.

ಮೇಲಿನ ಸ್ವರಸಾಲು

ಬಾಸ್ ಮೇಲೆ ಬರುವ ರಾಗದ ಸಾಲು ನೆನಪಿನಲ್ಲಿ ಎಲ್ಲರಿಗೂ ಉಳಿದಿರುತ್ತದೆ: ಎರಡು ಗಿಡ್ಡ ಸ್ವರ, ಒಂದು ಉದ್ದ ಸ್ವರ, ಹೀಗೆ ಮೂರು ಸಲ, ಕೊನೆಗೆ ಎರಡು ಸ್ವರಗಳ ಒಂದು ಬಾಲ. ಮೊದಲು ಉದ್ದ ಸ್ವರಗಳನ್ನಷ್ಟೇ ಹಿಡಿಯಿರಿ, ಗಿಡ್ಡವನ್ನು ಹೋಗಲು ಬಿಡಿ. ಮೂರು ಉದ್ದ ಸ್ವರಗಳನ್ನು ಒಂದರ ಹಿಂದೊಂದು ಗುನುಗಿದರೆ ಅವು ಇಳಿಜಾರಿನಲ್ಲಿರುವುದೂ ಇಳಿಯುವ ಅಳತೆ ತೀರ ಸಣ್ಣದೆಂಬುದೂ ತಿಳಿಯುತ್ತದೆ. ಮೊದಲನೆಯದು ಪಂಚಮ, ಡಿ. ಎರಡನೆಯದು ಅದಕ್ಕಿಂತ ಒಂದೇ ಫ್ರೆಟ್ ಕೆಳಗೆ, ಸಿ ಶಾರ್ಪ್. ಮೂರನೆಯದು ಇನ್ನೊಂದು ಫ್ರೆಟ್ ಕೆಳಗೆ, ಸಿ. ಪಂಚಮ, ಪ್ರತಿ ಮಧ್ಯಮ, ಶುದ್ಧ ಮಧ್ಯಮ.

ನಡುವಿನ ಆ ಪ್ರತಿ ಮಧ್ಯಮ ಷಡ್ಜದಿಂದ ಆರು ಫ್ರೆಟ್ ದೂರದಲ್ಲಿದೆ, ಹನ್ನೆರಡು ಫ್ರೆಟ್‌ಗಳ ಸ್ಥಾಯಿಯ ಸರಿಯಾದ ಅರ್ಧ. ಕೆಳಗೆ ಬಾಸ್ ಜಿ ಹೇಳುತ್ತಿರುವಾಗ ಮೇಲೆ ಇದು ನಿಂತರೆ ಯಾವ ಕಡೆಗೂ ವಾಲದ ಒಂದು ಕಳವಳ ಹುಟ್ಟುತ್ತದೆ. ಬತ್ತಿ ಉರಿಯುತ್ತಿರುವ ಭಾವ ಬರುವುದು ಮುಖ್ಯವಾಗಿ ಇಲ್ಲಿಂದ. ಎರಡು ಮಧ್ಯಮ, ಎರಡು ನಿಷಾದ ಒಂದೇ ರಚನೆಯಲ್ಲಿ ಸೇರಿರುವುದರಿಂದ ಕರ್ನಾಟಕ ಸಂಗೀತದ 72 ಮೇಳಕರ್ತಗಳಲ್ಲಿ, ಎಂದರೆ ಮೂಲರಾಗಗಳಲ್ಲಿ, ಯಾವುದೂ ಇದಕ್ಕೆ ಹೊದಿಕೆಯಾಗದು. ರಾಗ ಯಾವುದೆಂದು ಮೊದಲು ಪತ್ತೆ ಮಾಡಿ ಆಮೇಲೆ ಸ್ವರ ಹುಡುಕೋಣ ಎನ್ನುವವರು ಇಲ್ಲಿ ದಾರಿ ತಪ್ಪುತ್ತಾರೆ. ಸ್ವರಜ್ಞಾನ ಅಳತೆಗೋಲಾಗಿ ಬೇಕು, ಅಚ್ಚಾಗಿ ಬೇಡ.

ಉದ್ದ ಸ್ವರಗಳು ಸಿಕ್ಕ ಮೇಲೆ ಗಿಡ್ಡ ಸ್ವರಗಳು ತಾವಾಗಿ ಬಿಡಿಸಿಕೊಳ್ಳುತ್ತವೆ, ಏಕೆಂದರೆ ಮೂರೂ ಸಲ ಅವು ಬದಲಾಗುವುದಿಲ್ಲ: ಮೇಲಿನ ಗಾಂಧಾರ, ಅಲ್ಲಿಂದ ಷಡ್ಜ, ಎಂದರೆ ಬಿ ಫ್ಲ್ಯಾಟ್, ಜಿ. ಬಾಸಿನಲ್ಲಿ ಮೇಲಕ್ಕೆ ನೆಗೆದ ಅದೇ ಮೂರು ಫ್ರೆಟ್‌ಗಳ ಅಂತರ ಇಲ್ಲಿ ಕೆಳಮುಖವಾಗಿದೆ. ಕೊನೆಯ ಬಾಲದಲ್ಲಿ ಕೆಳಗಿನ ಬಿ ಫ್ಲ್ಯಾಟ್, ಸಿ.

ಗಿಟಾರಿನಲ್ಲಿ ಇದನ್ನು ಮೊದಲು ನಾನು ನುಡಿಸಿದ್ದು ಅಕ್ಕಪಕ್ಕದ ಎರಡು ತಂತಿಗಳಲ್ಲಿ: ಒಂದನೆಯ ತಂತಿಯ ಆರನೆಯ ಫ್ರೆಟ್, ಮೂರನೆಯ ಫ್ರೆಟ್, ಆಮೇಲೆ ಎರಡನೆಯ ತಂತಿಯಲ್ಲಿ ಕ್ರಮವಾಗಿ ಮೂರು, ಎರಡು, ಒಂದು. ಸ್ವರ ಸರಿಯೇ, ಆದರೆ ಪ್ರತಿ ಸಲವೂ ಕೈ ಆರಕ್ಕೆ ಓಡಿ ಒಂದಕ್ಕೆ ಬಂದು ಏದುಸಿರು ಬಿಡುತ್ತಿತ್ತು. ಗಿಟಾರಿನಲ್ಲಿ ಒಂದೇ ಸ್ವರ ಹಲವು ಕಡೆ ಸಿಗುತ್ತದೆಂಬ ಲಾಭವನ್ನು ಇಲ್ಲಿ ಪಡೆಯಬೇಕು. ತೋರುಬೆರಳನ್ನು ಮೂರನೆಯ ಫ್ರೆಟ್‌ನಲ್ಲಿ ಊರಿ ಕೈಯನ್ನು ಅಲ್ಲೇ ನಿಲ್ಲಿಸಿ. ಒಂದನೆಯ ತಂತಿಯ ಆರು ಕಿರುಬೆರಳಿಗೆ, ಮೂರು ತೋರುಬೆರಳಿಗೆ. ಡಿ ಎರಡನೆಯ ತಂತಿಯ ಮೂರನೆಯ ಫ್ರೆಟ್‌ನಲ್ಲಿದೆ, ತೋರುಬೆರಳನ್ನು ತುಸು ಮಲಗಿಸಿದರೆ ಅದೂ ಸಿಗುತ್ತದೆ. ಸಿ ಶಾರ್ಪ್ ಮೂರನೆಯ ತಂತಿಯ ಆರನೆಯ ಫ್ರೆಟ್‌ನಲ್ಲಿದೆ, ಸಿ ಅದೇ ತಂತಿಯ ಐದರಲ್ಲಿದೆ, ಕೆಳಗಿನ ಬಿ ಫ್ಲ್ಯಾಟ್ ಅದೇ ತಂತಿಯ ಮೂರರಲ್ಲಿದೆ. ಕೈ ಒಂದು ಫ್ರೆಟ್ ಕೂಡ ಸರಿಯದೆ ಇಡೀ ಸಾಲು ಮುಗಿಯುತ್ತದೆ. ದಪ್ಪ ತಂತಿಗೆ ಇಳಿದದ್ದರಿಂದ ಕೊನೆಯ ಎರಡು ಉದ್ದ ಸ್ವರಗಳ ಬಣ್ಣವೂ ಸ್ವಲ್ಪ ಕಪ್ಪಾಗುತ್ತದೆ. ನನಗೆ ಅದು ಇಷ್ಟ, ಮೂಲದ ಕೊಳಲಿನ ತೆಳುವೇ ಬೇಕೆನ್ನುವವರು ಓಡಾಟದ ದಾರಿಯನ್ನೇ ಹಿಡಿಯಬಹುದು.

ಗಿಡ್ಡ ಸ್ವರಗಳು ಆವರ್ತದಲ್ಲಿ ಎಲ್ಲಿ ಬೀಳುತ್ತವೆ, ಉದ್ದ ಸ್ವರ ಎಷ್ಟನೆಯ ಎಣಿಕೆಗೆ ಹುಟ್ಟುತ್ತದೆ ಎಂಬುದನ್ನು ಬೆರಳಿನಿಂದ ಕಂಡುಹಿಡಿಯಲು ಹೋಗಬೇಡಿ. ಮೂಲವನ್ನು ಹಾಕಿಕೊಂಡು, ಬಾಯಲ್ಲಿ ತಕಿಟ ತಕಿಟ ತಕ ತಕ ಎನ್ನುತ್ತಲೇ ಇದ್ದು, ಮೇಲಿನ ಸಾಲಿನ ಎಡುಪನ್ನು, ಎಂದರೆ ಅದು ಶುರುವಾಗುವ ಜಾಗವನ್ನು, ಗಮನಿಸಿ: ಅದು ಬಂದಾಗ ನಿಮ್ಮ ಬಾಯಲ್ಲಿ ಯಾವ ಅಕ್ಷರವಿತ್ತೋ ಅದನ್ನು ಕಾಗದದ ಮೇಲೆ ಗೆರೆ ಎಳೆದು ಗುರುತಿಸಿಕೊಂಡರೆ ಕೆಲಸ ಮುಗಿಯಿತು. ಮೂರು ಸಲ ಗುರುತಿಸಿ. ಮೂರೂ ಒಂದೇ ಕಡೆ ಬಿದ್ದರೆ ನಂಬಿ. ಬೀಳದಿದ್ದರೆ ಸೊಲ್ಲು ಎಲ್ಲೋ ಓಡಿದೆ ಎಂದರ್ಥ.

ಕೂಡಿಸುವುದು

ಎರಡು ಸಾಲುಗಳನ್ನೂ ಒಬ್ಬರೇ ಏಕಕಾಲಕ್ಕೆ ನುಡಿಸುವುದು ನುರಿತವರಿಗೆ ಬಿಟ್ಟದ್ದು. ಸ್ವರಮೇಳದ ಹಿಮ್ಮೇಳ ಬೇಕೆಂದರೆ ಮೂರನೆಯ ಫ್ರೆಟ್‌ನ ಜಿ ಮೈನರ್ ಬ್ಯಾರೆ ಕಾರ್ಡಿನ (ಒಂದೇ ಬೆರಳನ್ನು ಎಲ್ಲ ತಂತಿಗಳ ಮೇಲೆ ಮಲಗಿಸಿ ಹಿಡಿಯುವ ಸ್ವರಗುಚ್ಛ) ಕೆಳಗಿನ ಮೂರು ದಪ್ಪ ತಂತಿಗಳಷ್ಟೇ ಸಾಕು. ಇಡೀ ಕಾರ್ಡನ್ನು ಸವರಿದರೆ ಮೇಲಿನ ತಂತಿಗಳು ರಾಗದ ಸಾಲಿನ ಸಿ ಶಾರ್ಪ್‌ನೊಂದಿಗೆ ಜಗಳಕ್ಕೆ ನಿಲ್ಲುತ್ತವೆ. ಹತ್ತರ ಎಣಿಕೆಯೇ ಇನ್ನೂ ಭಾರವೆನಿಸುವವರು ಒಂದು ವಾರ ಇದನ್ನು ಬದಿಗಿಟ್ಟು, 1958ರಲ್ಲಿ ‘ಪೀಟರ್ ಗನ್’ ಧಾರಾವಾಹಿಗೆ ಹೆನ್ರಿ ಮ್ಯಾನ್ಸಿನಿ ರಚಿಸಿದ ಶೀರ್ಷಿಕೆ ಸಂಗೀತದ ಬಾಸ್ ಸಾಲನ್ನು ಇದೇ ಕ್ರಮದಲ್ಲಿ ಬಿಡಿಸಬಹುದು. ಅದು ಎಂಟು ಸಮ ಸ್ವರಗಳ ಸಾಲು, ತಾಳದ ತೊಡಕಿಲ್ಲ, ಅಂತರಗಳನ್ನು ಅಳೆಯುವುದಷ್ಟೇ ಕೆಲಸ.

ರಾಗದ ಸಾಲಿನ ಎರಡನೆಯ ಅರ್ಧವನ್ನು ಇಲ್ಲಿ ಬಿಡಿಸಿ ಹೇಳಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ಅದನ್ನು ನೀವೇ ಹಿಡಿಯಬೇಕು. ಅಲ್ಲಿಯೂ ಮೊದಲು ಉದ್ದ ಸ್ವರಗಳನ್ನು ಗುನುಗಿ, ಷಡ್ಜದೊಂದಿಗೆ ಹೋಲಿಸಿ, ಅವು ಇಳಿಯುತ್ತಿವೆಯೇ, ಇಳಿಯುತ್ತಿದ್ದರೆ ಒಂದೊಂದೇ ಫ್ರೆಟ್ ಇಳಿಯುತ್ತಿವೆಯೇ ಎಂದು ಒಂದೇ ತಂತಿಯ ಮೇಲೆ ಅಳೆದು ನೋಡಿ. ಹಿಡಿದದ್ದು ಸರಿಯೇ ಎಂದು ಪರೀಕ್ಷಿಸಲು ಬಾಸ್ ಸಾಲನ್ನು ಫೋನಿನಲ್ಲಿ ಒಂದೆರಡು ನಿಮಿಷ ಧ್ವನಿಮುದ್ರಿಸಿಕೊಂಡು, ಅದನ್ನೇ ಮತ್ತೆ ಮತ್ತೆ ಓಡಿಸಿ ಮೇಲಿನ ಸಾಲನ್ನು ನುಡಿಸಿ. ತಪ್ಪು ಸ್ವರ ಬಾಸಿನ ಮೇಲೆ ನಿಂತ ಕೂಡಲೇ ತಾನೇ ಬಾಯಿಬಿಡುತ್ತದೆ. ಧ್ವನಿಮುದ್ರಣವನ್ನು ಕತ್ತರಿಸಿ ಸುತ್ತು ಹಾಕಿಸುವುದಾದರೆ ಹತ್ತಕ್ಕೆ ಕತ್ತರಿಸಬೇಡಿ. ಬಾಸ್ ಸಾಲು ಎರಡು ಆವರ್ತಗಳದ್ದು, ಕತ್ತರಿ ಇಪ್ಪತ್ತನೆಯ ಎಣಿಕೆ ಮುಗಿದು ಷಡ್ಜದ ‘ತ’ ಹುಟ್ಟುವ ಮೊದಲೇ ಬೀಳಬೇಕು. ಕೂದಲೆಳೆಯಷ್ಟು ತಡವಾದರೂ ಪ್ರತಿ ಸುತ್ತಿನ ಆರಂಭದಲ್ಲಿ ಒಂದು ಸಣ್ಣ ಎಡವಟ್ಟು ಸೇರಿಕೊಂಡು, ಹತ್ತನೆಯ ಸುತ್ತಿನ ಹೊತ್ತಿಗೆ ಕೈ ಅದನ್ನೇ ಸಂಗೀತವೆಂದು ಕಲಿತುಬಿಟ್ಟಿರುತ್ತದೆ.